ಹಳಿ ತಪ್ಪಿದ ಚಿಪ್ಪು

ಮಂಡಿನೋವು ಅಂದ್ರೆ ನಮಗೆ ನೆನಪಾಗೋದು ಅಜ್ಜಿ, ಬಿಸಿ ಎಣ್ಣೆ, ಮೆಟ್ಟಿಲ ಮೇಲೊಂದು "ಉಸ್ಸಪ್ಪಾ". ಅದು ಸವೆದ ಮಂಡಿಯ ಕತೆ. ಮಂಡಿಚಿಪ್ಪು ಜಾಗ ತಪ್ಪುವ ತೊಂದರೆ ಮಾತ್ರ ಹೆಚ್ಚಾಗಿ ಹುಡುಕಿಕೊಂಡು ಬರೋದು ಹರೆಯದವರನ್ನ, ಅದರಲ್ಲೂ ಕುಣಿಯುವ, ಓಡುವ, ಆಡುವ ಹುಡುಗಿಯರನ್ನ.

ನನ್ನ ಅಕ್ಕನ ಮಗಳು 7ನೇ ವಯಸ್ಸಿಂದ ಭರತನಾಟ್ಯ ಕಲೀತಿದ್ದಾಳೆ. ಹೆಬ್ಬೆರಳು ಬಗ್ಗಿಸಿ ಮುಂಗೈಗೆ ತಾಗಿಸ್ತಾಳೆ. ನಿಂತರೆ ಮಂಡಿ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗುತ್ತೆ. ನೆಂಟರು ಬಂದಾಗಲೆಲ್ಲ ಇದರದ್ದೊಂದು ಪ್ರದರ್ಶನ, "ಎಷ್ಟು ಬಳುಕುತ್ತೆ ನೋಡ್ರೀ ಮೈ!" ಅಂತ ಮೆಚ್ಚುಗೆ. 15ಕ್ಕೆ, ಅರೆಮಂಡಿಯಿಂದ ತಿರುಗುವಾಗ ಎಡಗಾಲಿನ ಚಿಪ್ಪು ಹೊರಬದಿಗೆ ಜಾರಿಬಿಡ್ತು. ಕಾಲು ಚಾಚಿದ್ದೇ ತಾನಾಗಿ ವಾಪಸ್ ಕೂತಿತು, ಆದ್ರೆ ಸಂಜೆಯೊಳಗೆ ಮಂಡಿ ತೆಂಗಿನಕಾಯಿ ಗಾತ್ರ.

ಮೂಳೆ ಡಾಕ್ಟರು ಮಂಡಿ ನೋಡಿದ ಮೇಲೆ ಕೇಳಿದ್ದು ಆ ಹೆಬ್ಬೆರಳನ್ನೇ ಬಗ್ಗಿಸು ಅಂತ. ಇಷ್ಟು ವರ್ಷ ಹೊಗಳಿಸಿಕೊಂಡ ಬಳುಕು, ಅವರ ಲೆಕ್ಕದಲ್ಲಿ ಕೀಲಿನ ಸಡಿಲ.

ಚಿಪ್ಪು ತೊಡೆಮೂಳೆಯ ತುದಿಯ ತೋಡಿನಲ್ಲಿ ಮೇಲೆ ಕೆಳಗೆ ಓಡಾಡುತ್ತೆ, ಸ್ಲೈಡಿಂಗ್ ಕಿಟಕಿ ಹಳಿಯಲ್ಲಿ ಓಡೋ ಹಾಗೆ. ಕೆಲವರಿಗೆ ಆ ತೋಡಿಗೆ ಆಳವೇ ಇರಲ್ಲ. ಕೆಲವರಿಗೆ ಚಿಪ್ಪು ತುಸು ಮೇಲೆ ಕೂತಿರುತ್ತೆ, ಮಂಡಿ ಮಡಚಿದಾಗ ಹಳಿಗೆ ಬರೋದೇ ತಡ. ಮಂಡಿ ಒಳಕ್ಕೆ ವಾಲಿದ್ರೆ ತೊಡೆಯ ಸ್ನಾಯು ಚಿಪ್ಪನ್ನ ಹೊರಗೆಳೆಯೋದು ಜಾಸ್ತಿ. ಇದರ ಮೇಲೆ ಕಟ್ಟುಗಳೂ ಸಡಿಲ ಅಂದ್ರೆ ಹಿಡಿದಿಡೋರು ಯಾರು? ಇನ್ನು, ಒಮ್ಮೆ ಜಾರಿದವರಿಗೆ ಮತ್ತೆ ಜಾರುವ ಭಯ ಎಲ್ಲರಿಗಿಂತ ಹೆಚ್ಚು, ಅದೂ ಚಿಕ್ಕ ವಯಸ್ಸಲ್ಲೇ ಜಾರಿದ್ರೆ.

(ಎರಡು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂತು ಏಳುವಾಗ ನಿಮಗೂ ಚಿಪ್ಪಿನ ಸುತ್ತ ನೋಯುತ್ತಾ? ಸಿನಿಮಾ ಮುಗಿಸಿ ಏಳುವವರ ಈ ನೋವಿಗೆ ಡಾಕ್ಟರುಗಳು ಥಿಯೇಟರ್ ಹೆಸರನ್ನೇ ಇಟ್ಟಿದ್ದಾರೆ. ಜಾರೋದು ಬೇರೆ, ಇದು ಬೇರೆ. ಆದ್ರೂ ಭಾನುವಾರದ 10ಕೆ ಓಟಕ್ಕೆ ಹೆಸರು ಕೊಡೋ ಮೊದಲು ಒಮ್ಮೆ ತೋರಿಸಿ.)

ಅರೆಮಂಡಿಯನ್ನ ನಾನು ದೂರಲ್ಲ. ಅದು ಸೊಂಟದ ಕೀಲಿಂದ ತೆರೀಬೇಕು. ಸೊಂಟ ತೆರೆಯದೆ ಪಾದ ಮಾತ್ರ ಹೊರಗೆ ತಿರುಗಿಸಿದ್ರೆ ತಿರುಚೆಲ್ಲ ಮಂಡಿಗೆ. ಮೂವತ್ತು ಮಕ್ಕಳ ಕ್ಲಾಸಲ್ಲಿ ಇದನ್ನ ಒಬ್ಬೊಬ್ಬರಿಗೂ ನೋಡೋರು ಯಾರು?

ರಂಗಪ್ರವೇಶಕ್ಕೆ ಐದು ತಿಂಗಳಿತ್ತು. "ಚಿಕ್ಕಿ, ಬಿಟ್ಟೇಬಿಡ್ಬೇಕಾ?" ಅಂದಳು. ಬಿಡು ಅಂತ ಡಾಕ್ಟರು ಹೇಳಿಲ್ಲ, ಮತ್ತೆ ಜಾರಿದ್ರೆ ಆಪರೇಷನ್ ಮಾತಾಡೋಣ ಅಂದಿದ್ದಾರೆ. ಈಗ ದಿನಾ ಬೆಳಗ್ಗೆ ಗೆಜ್ಜೆಯ ಬದಲು ಕಾಲಿಗೆ ರಬ್ಬರ್ ಬ್ಯಾಂಡ್ ಕಟ್ಟಿಕೊಂಡು ತೊಡೆಗೆ, ಸೊಂಟಕ್ಕೆ ಕಸರತ್ತು. ಹಾಲ್‌ಗೆ ಕೊಟ್ಟ ಅಡ್ವಾನ್ಸ್ ವಾಪಸ್ ಬರಲಿಲ್ಲ. ಹೊಸ ತಾರೀಖು ಇನ್ನೂ ಗೊತ್ತು ಮಾಡಿಲ್ಲ.