ಇಳಿದ ಲೆಕ್ಕ

ಇನ್ನೂ ಹಲ್ಲುಜ್ಜಿರಲಿಲ್ಲ, ಕೈಗಡಿಯಾರ ಗುಂಯ್ ಅಂದಿತು. ನನ್ನ ಓಟದ ಲೆಕ್ಕ ಬರೆದಿಡುವ ಈ ಯಂತ್ರಕ್ಕೆ ಡಿಸೆಂಬರ್ ಕೊನೆಯಲ್ಲಿ ವರದಿ ಒಪ್ಪಿಸುವ ಚಟ. ‘ಅಭಿನಂದನೆ! ಈ ವರ್ಷ ನೀವು ಎವರೆಸ್ಟಿಗಿಂತ ಹೆಚ್ಚು ಎತ್ತರ ಏರಿದ್ದೀರಿ’ ಎಂದು ಪರದೆಯ ಮೇಲೆ ಪಟಾಕಿ ಬೇರೆ ಸಿಡಿಸಿತು. ಯಾಕೋ ಮೈ ಉರಿಯಿತು. ನಾನು ಏರಿದ್ದು ತುರಹಳ್ಳಿಯ ಗುಡ್ಡ, ಸಾವನದುರ್ಗ, ನಂದಿ, ಮಧ್ಯೆ ಒಮ್ಮೆ ಚಿಕ್ಕಮಗಳೂರಿನ ಕಾಫಿ ತೋಟಗಳ ದಿಣ್ಣೆಗಳು. ಅವುಗಳ ಹೆಸರೆತ್ತದೆ, ನಾನು ಕನಸಿನಲ್ಲೂ ಕಾಲಿಡದ ಪರ್ವತದ ಹೆಸರಿನಲ್ಲಿ ನನಗೆ ಹಾರ ಹಾಕುವುದೇಕೆ?

ಬೆಟ್ಟದ ಓಟ ಎದೆಗೆ ಒಳ್ಳೆಯದೋ, ಮಂಡಿಗೆ ಕೆಟ್ಟದ್ದೋ ಎಂಬುದೆಲ್ಲ ನಿಮ್ಮ ಮನೆಯ ವಾಟ್ಸ್ಯಾಪ್ ಗುಂಪಿನಲ್ಲಿ ಬಂದು ಹೋಗಿರುತ್ತದೆ; ಬಿಡಿ. ನನ್ನ ತಕರಾರು ಎವರೆಸ್ಟಿನ ಮೇಲೆ. ಅದರ 8,849 ಮೀಟರನ್ನು ಅಳೆಯುವುದು ಸಮುದ್ರ ಮಟ್ಟದಿಂದ. ಆದರೆ ಬಂಗಾಳ ಕೊಲ್ಲಿಯಲ್ಲಿ ಕಾಲು ತೊಳೆದುಕೊಂಡು ಹತ್ತಲು ಹೊರಟವರು ಎಷ್ಟು ಮಂದಿ? ನೇಪಾಳದ ಕಡೆಯ ಬೇಸ್ ಕ್ಯಾಂಪೇ 5,364 ಮೀಟರ್ ಎತ್ತರದಲ್ಲಿದೆ. ಅವರಿಗೆ ಅಷ್ಟು ಎತ್ತರ ಪುಕ್ಕಟೆ ಸಿಗುವುದಾದರೆ, ಅಂಜನಾಪುರದಲ್ಲಿ ಮನೆ ಬಾಗಿಲಲ್ಲಿ ನಿಂತಾಗಲೇ ಸುಮಾರು ಒಂಬೈನೂರು ಮೀಟರ್ ಎತ್ತರದಲ್ಲಿರುವ ನನಗೂ ಸಿಗಬೇಕು. ಲೆಕ್ಕ ಹೇಳಲೇಬೇಕಿದ್ದರೆ ‘ಇಷ್ಟು ಮುಳ್ಳಯ್ಯನಗಿರಿ’ ಅನ್ನಲಿ. 1,930 ಮೀಟರಿನ ನಮ್ಮದೇ ಶಿಖರ, ಭಾಗಾಕಾರಕ್ಕೂ ಸಲೀಸು. ಅಲ್ಲದೆ ಈ ಗಡಿಯಾರ ಎತ್ತರ ಕಂಡುಹಿಡಿಯುವುದು ಗಾಳಿಯ ಒತ್ತಡ ನೋಡಿ. ಮಳೆಮೋಡ ಕವಿದು ಒತ್ತಡ ಇಳಿದರೆ, ಬಸ್ ಸ್ಟಾಪಿನಲ್ಲಿ ನಿಂತವನನ್ನೂ ನಿಂತಲ್ಲೇ ಗುಡ್ಡ ಹತ್ತಿಸಿಬಿಡುತ್ತದೆ. ನನ್ನ ಎವರೆಸ್ಟಿನಲ್ಲಿ ಎಷ್ಟು ಪಾಲು ಬಂಡೆ, ಎಷ್ಟು ಪಾಲು ಮೋಡ ಅಂತ ಯಾರು ಹೇಳಬೇಕು?

ಕೆರೆ ಏರಿಯ ಮೇಲೆ ದಿನಾ ಸಿಗುವ ನಿವೃತ್ತ ಮೇಷ್ಟ್ರ ಕಿವಿಗೆ ಸುದ್ದಿ ಆಗಲೇ ಬಿದ್ದಿತ್ತು. ನನ್ನ ಹೆಂಡತಿ ಹಾಲಿನ ಅಂಗಡಿಯಲ್ಲಿ ಹೇಳಿರಬೇಕು.

“ಏನ್ರೀ, ಎವರೆಸ್ಟ್ ಹತ್ತಿಬಿಟ್ರಂತೆ?”

“ಯಂತ್ರ ಹಾಗನ್ನುತ್ತೆ ಮೇಷ್ಟ್ರೇ.”

“ಸರಿ, ಇಳಿದ್ರಾ? ಇನ್ನೂ ಮೇಲೇ ಇದ್ದೀರಾ?”

ತಮಾಷೆಗೆ ಕೇಳಿದ್ದೇನೋ ನಿಜ. ಆದರೆ ಬೆಟ್ಟ ಓಡುವವರ ಕುಲದ ಗುಟ್ಟೇ ಅದರಲ್ಲಿದೆ. ಹತ್ತುವುದಕ್ಕೆ ಪಟಾಕಿ, ಪದಕ, ಫೋಟೋ ಎಲ್ಲ ಉಂಟು, ಇಳಿಯುವುದನ್ನು ಕೇಳುವವರಿಲ್ಲ. ಹತ್ತುವಾಗ ಬೇಕಾದದ್ದು ಉಸಿರು ಮತ್ತು ಹಟ. ಸಾಲದಿದ್ದರೆ ನಿಂತು ಸುಧಾರಿಸಿಕೊಳ್ಳಬಹುದು, ನೋಟ ನೋಡುವ ನೆಪವೂ ಇದೆ. ಇಳಿಯುವಾಗ ನೆಪ ನಡೆಯದು. ಸಾವನದುರ್ಗದ ಬೋಳು ಬಂಡೆಯಲ್ಲಿ ಮಳೆನೀರು ಹರಿದು ಉದ್ದುದ್ದಕ್ಕೆ ಕರಿ ಪಟ್ಟೆಗಳು ಬಿದ್ದಿವೆ. ಒಣಗಿದ್ದಾಗ ಅವೂ ಬಂಡೆಯೇ. ಸ್ವಲ್ಪ ಹನಿದರೆ ಸಾಕು, ಸೋಪು ಸವರಿದ ಬಚ್ಚಲುಕಲ್ಲು. ಹೆಜ್ಜೆ ಬಿಳಿ ಕಲ್ಲಿನ ಮೇಲೆಯೇ ಬೀಳಬೇಕು, ಅದೂ ಚಿಕ್ಕದಾಗಿ, ಮೈ ತುಸು ಮುಂದಕ್ಕೆ. ಹೆದರಿ ಹಿಂದಕ್ಕೆ ವಾಲಿದವನ ಕಾಲೇ ಮೊದಲು ಜಾರುವುದು. ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬ್ರೇಕು ಹಾಕಬೇಕು. ಅದರಿಂದ ಒಳಗೊಳಗೇ ಸಣ್ಣ ಸಣ್ಣ ಗಾಯವಾಗುತ್ತದೆ; ಅದರ ನೋವು ಬರುವುದು ಆ ಹೊತ್ತಿಗಲ್ಲ, ಮಾರನೆಯ ದಿನಕ್ಕೆ, ಕೆಲವೊಮ್ಮೆ ಅದರ ಮಾರನೆಯ ದಿನಕ್ಕೆ. ಭಾನುವಾರ ಬಂಡೆಯ ಮೇಲೆ ಹಾರಾಡಿದ ಗಂಡಸು ಮಂಗಳವಾರ ದೊಡ್ಡಕಲ್ಲಸಂದ್ರದ ಮೆಟ್ರೋ ಮೆಟ್ಟಿಲನ್ನು ಕಂಬಿ ಹಿಡಿದು ಹಿಮ್ಮುಖವಾಗಿ ಇಳಿಯುವ ವೈಭವ ನೋಡಬೇಕು. ಪಕ್ಕದಲ್ಲಿ ಇಳಿಯುವ ಅಜ್ಜಿಯರು “ನಿಧಾನ ಕಣಪ್ಪ” ಅನ್ನುತ್ತಾರೆ. ಇದಕ್ಕೊಂದು ಪದಕ ಬೇಡವೇ?

ಇಳಿಯುವವನ ಕಣ್ಣು ಮುಂದಿನ ಮೂರು ಮಾರು ನೆಲ ಬಿಟ್ಟು ಅತ್ತಿತ್ತ ಹೋಗುವಂತಿಲ್ಲ. ಆಗೆಲ್ಲ ನನ್ನನ್ನು ಕಾಡುವವರು ಬಿ.ಜಿ.ಎಲ್. ಸ್ವಾಮಿ. ‘ಹಸುರು ಹೊನ್ನು’ ಓದಿದವರಿಗೆ ಗೊತ್ತು, ಆ ಮನುಷ್ಯ ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಪಶ್ಚಿಮಘಟ್ಟ ಸುತ್ತಿದರೆ ಗಿಡಗಿಡಕ್ಕೂ ನಿಲ್ಲಬೇಕು, ಹೂ ಬಿಡಿಸಬೇಕು, ಹೆಸರು ಹೇಳಬೇಕು, ನಡುವೆ ಒಬ್ಬರ ಕಾಲೆಳೆಯಬೇಕು. ಅವರ ಲೆಕ್ಕದಲ್ಲಿ ನಾನು ಯಾವ ಬೆಟ್ಟಕ್ಕೂ ಹೋದವನೇ ಅಲ್ಲ. ವರ್ಷವಿಡೀ ತುರಹಳ್ಳಿ ಸುತ್ತಿಯೂ ಧೈರ್ಯವಾಗಿ ಹೆಸರು ಹೇಳಬಲ್ಲ ಗಿಡಗಳೆಂದರೆ ತಂಗಡಿ ಮತ್ತು ಲಂಟಾನ. ಆ ಕಾಡನ್ನು ಟ್ರೀ ಪಾರ್ಕ್ ಮಾಡಲು ಹೊರಟಾಗ, 2021ರಲ್ಲಿ, ಸುತ್ತಲಿನ ಜನ ಬೀದಿಗಿಳಿದು ಕೈಬಿಡಿಸಿದರು. ಅವರಲ್ಲಿ ಅನೇಕರು ನನ್ನಂತೆ ತಂಗಡಿ–ಲಂಟಾನದ ಪಂಡಿತರೇ ಇದ್ದಿರಬಹುದು.

ಮುಂದಿನ ವರ್ಷದ ಸಂಕಲ್ಪಕ್ಕೆ ಬರೋಣ. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟಿನ ಕೆಸ್ವಿಕ್‌ನಲ್ಲಿ ಅತಿಥಿಗೃಹ ನಡೆಸುತ್ತಿದ್ದ ಬಾಬ್ ಗ್ರಹಾಂ 1932ರಲ್ಲಿ, ಟೆನಿಸ್ ಬೂಟು ತೊಟ್ಟು, ಇಪ್ಪತ್ನಾಲ್ಕು ಗಂಟೆಯೊಳಗೆ 42 ಶಿಖರಗಳನ್ನು ಸುತ್ತಿ ಮನೆಗೆ ಬಂದ. ಅದೇ ಸುತ್ತನ್ನು ಇವತ್ತಿಗೂ ಓಡುತ್ತಾರೆ. ಅವನ ಹೆಸರಿನ ಕ್ಲಬ್ಬಿಗೆ ಸೇರಬೇಕಾದರೆ ಶಿಖರ ಶಿಖರಕ್ಕೂ ಜೊತೆಗೊಬ್ಬ ಸಾಕ್ಷಿ ಬೇಕು. ಆ ನಿಯಮ ನನಗೆ ಬಹಳ ಹಿಡಿಸಿತು. ಗಡಿಯಾರದ ಮಾತಿಗಿಂತ, ಏದುಸಿರು ಬಿಡುತ್ತಾ ಪಕ್ಕದಲ್ಲಿ ನಿಂತವನ ಮಾತು ಮೇಲು. 1975ರಲ್ಲಿ ಜಾಸ್ ನೇಲರ್ ಎಂಬ ಕುರಿಗಾಹಿ ಅಷ್ಟೇ ಹೊತ್ತಿನಲ್ಲಿ 72 ಶಿಖರ ಮುಗಿಸಿದ.

ಕುಮಾರ ಪರ್ವತದಲ್ಲಿ ಇಂಥದ್ದು ಆಗದು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಅಲ್ಲಿ ಜಾತ್ರೆ ಸೇರಿದ ಮೇಲೆ ಅನುಮತಿ, ಬುಕಿಂಗ್ ಎಲ್ಲ ಬಿಗಿಯಾಯಿತು. ನನ್ನ ಕಣ್ಣಿರುವುದು ಬೆಂಗಳೂರಿನ ಸುತ್ತಲಿನ ನವದುರ್ಗಗಳ ಮೇಲೆ: ನಂದಿ, ಮಾಕಳಿ, ಚನ್ನರಾಯನ, ದೇವರಾಯನ, ಹುತ್ರಿ, ಹುಲಿಯೂರು, ಭೈರವ, ಸಾವನ, ಕಬ್ಬಾಳ. ಒಂಬತ್ತನ್ನೂ ಕಾಲಲ್ಲೇ ಪೋಣಿಸಿದರೆ ಇನ್ನೂರು ಕಿಲೋಮೀಟರ್ ಮೀರುತ್ತದೆ. ಒಂದು ದಿನದ ಮಾತಲ್ಲ, ದಿನ ಎಷ್ಟಾದರೂ ಆಗಲಿ. ಕೊನೆಗೆ ಕಬ್ಬಾಳದುರ್ಗವೇ ಬರಬೇಕು. ಮೈಸೂರು ಅರಸರ ಕಾಲದಲ್ಲಿ ಅದು ಸೆರೆಮನೆ. ಆಗ ಕೈದಿಗಳನ್ನು ಎಳೆದೊಯ್ಯುತ್ತಿದ್ದ ಬೆಟ್ಟಕ್ಕೆ ಈಗ ನಾವು ದುಬಾರಿ ಬೂಟು ಹಾಕಿಕೊಂಡು ನಾವಾಗಿಯೇ ಹೋಗುತ್ತೇವೆ. ಇಳಿದರೆ ಕಬ್ಬಾಳಮ್ಮನ ಗುಡಿ, ಅಲ್ಲಿಂದ ಕನಕಪುರ, ಆಮೇಲೆ ಕನಕಪುರ ರಸ್ತೆ ಹಿಡಿದರೆ ಮನೆ.

ಸಾಕ್ಷಿಗೆಂದು ಗೆಳೆಯನನ್ನು ಕೇಳಿದೆ. “ಬೆಟ್ಟ ಹತ್ತೋದು ನನ್ನ ಕೈಲಾಗಲ್ಲ ಮಾರಾಯ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂತಾ ಕೂತಿರ್ತೀನಿ, ನೀನು ದಾಟಿ ಹೋಗಿದ್ದಕ್ಕೆ ಸಾಕ್ಷಿ ಹೇಳ್ತೀನಿ” ಅಂದ. ಸಾವನದುರ್ಗದಿಂದ ಕಬ್ಬಾಳಕ್ಕೆ ನಾನು ಗುರುತು ಹಾಕಿದ್ದ ದಾರಿಯಲ್ಲಿ ಬಿಡದಿ ಇರಲಿಲ್ಲ. ಮಧ್ಯಾಹ್ನದಿಂದ ನಕ್ಷೆ ಹರಡಿಕೊಂಡು ಕೂತಿದ್ದೇನೆ. ಮಂಚನಬೆಲೆ ಕಡೆಯಿಂದ ತುಸು ಬಳಸಿದರೆ ಬಿಡದಿ ಸಿಗುತ್ತದೆ, ಚಟ್ನಿ ಖಾಲಿಯಾಗುವ ಮುಂಚೆ ತಲುಪಲು ಭೈರವದುರ್ಗವನ್ನು ಎಷ್ಟು ಹೊತ್ತಿಗೆ ಬಿಡಬೇಕು ಅನ್ನುವುದೊಂದು ಇನ್ನೂ ಬಗೆಹರಿದಿಲ್ಲ.