ಮುಡಿಪಿನ ಎಂಟಾಣೆ

ಬೆಳಿಗ್ಗೆ ದೀಪ ಹಚ್ಚಲು ಹೋದರೆ ಮುಡಿಪಿನ ಗಂಟು ಬಿಚ್ಚಿಕೊಂಡು ಬಿದ್ದಿತ್ತು. ಅರಿಸಿನದ ಬಟ್ಟೆ ಇದೆ, ಒಳಗಿದ್ದ ಎಂಟಾಣೆ ಇಲ್ಲ. ತಿಮ್ಮಪ್ಪನ ದುಡ್ಡಿಗೇ ಕೈ ಹಾಕಿದ ಪುಣ್ಯಾತ್ಮ ಯಾರೆಂದು ನಾನು ಕೂಗಾಡುವಷ್ಟರಲ್ಲಿ ಮಹಡಿ ಮೇಲಿನಿಂದ ಗಿಟಾರು ಕರ್‍ರ್ ಎಂದಿತು. ಅಕ್ಕನ ಮಗ! ಬೆರಳ ಸಂದಿಯಲ್ಲಿ ನಮ್ಮ ಎಂಟಾಣೆ.

“ಪ್ಲಾಸ್ಟಿಕ್ ಪಿಕ್‌ನಲ್ಲಿ ಆ ಸೌಂಡ್ ಬರಲ್ಲ ಮಾವ. ಬ್ರಯಾನ್ ಮೇ ನುಡಿಸೋದೇ ಕಾಯಿನ್‌ನಲ್ಲಿ.”

ಹುಡುಗ ಸುಳ್ಳು ಹೇಳಿರಲಿಲ್ಲ. ‘ಕ್ವೀನ್’ ತಂಡದ ಬ್ರಯಾನ್ ಮೇ ತಂತಿ ಮೀಟುವುದು ಬ್ರಿಟನ್ನಿನ ಹಳೆಯ ಸಿಕ್ಸ್‌ಪೆನ್ಸ್ ನಾಣ್ಯದಿಂದ. ಪ್ಲಾಸ್ಟಿಕ್ಕಿನಂತೆ ಅದು ಬಾಗುವುದಿಲ್ಲ. ತಂತಿಯ ನಡುಕವೆಲ್ಲ ನೇರ ಬೆರಳಿಗೇ. ಹಿಡಿತ ಸಡಿಲವಾಗಿರಬೇಕು. ನಾಣ್ಯವನ್ನು ಕೊಂಚ ವಾರೆ ಮಾಡಿದರೆ ಅಂಚಿನ ಹಲ್ಲು ತಂತಿಗೆ ಉಜ್ಜಿ, ಸ್ವರಕ್ಕೆ ಮುಂಚೆ ಒಂದು ವ್ಯಂಜನ ಹುಟ್ಟುತ್ತದೆ. ಆ ನಾಣ್ಯದ ಚಲಾವಣೆ 1980ರಲ್ಲೇ ನಿಂತಿತು. ನಮ್ಮ ಹಳೆಯ ಎಂಟಾಣೆಗೂ ಅಂಥದೇ ಹಲ್ಲು. ಅದಕ್ಕೇ ಇವನು ದೇವರ ಮನೆಗೆ ನುಗ್ಗಿದ್ದು.

ಅನುಕರಣೆ ಬಿಡು, ನಿನ್ನದೇ ಶೈಲಿ ಹುಡುಕಿಕೋ ಎಂಬ ಬುದ್ಧಿವಾದ ನಾಲಿಗೆಯ ತುದಿಗೆ ಬಂದಿತ್ತು. ಎಲ್ಲ ಸೋದರಮಾವಂದಿರೂ ಹೇಳುವ ಮಾತು, ನುಂಗಿಕೊಂಡೆ.

ನನ್ನ ತಲೆ ಕೊರೆದದ್ದು ಬೇರೆ. ಮೇ ಗಿಟಾರೂ ಮನೆಯಲ್ಲೇ ಮಾಡಿದ್ದಂತೆ. 1963ರಲ್ಲಿ, ಹದಿನಾರರ ಪ್ರಾಯದಲ್ಲಿ, ಕೊಳ್ಳಲು ಕಾಸಿಲ್ಲದೆ ಅಪ್ಪನ ಜೊತೆ ಕೂತು ಕೆಲಸ ಶುರುಮಾಡಿದ. ಕುತ್ತಿಗೆಗೆ ಯಾರದೋ ಮನೆಯ ಹಳೆಯ ಅಗ್ಗಿಷ್ಟಿಕೆಯ ಮರ. ಹುಳು ಕೊರೆದ ತೂತಿಗೆ ಬೆಂಕಿಕಡ್ಡಿಯ ತುಂಡು. ಸ್ಪ್ರಿಂಗು ಹಳೇ ಮೋಟಾರ್‌ಸೈಕಲ್ಲಿನದು. ಸ್ವರ ಅಲುಗಿಸುವ ಹಿಡಿಯ ತುದಿಗೆ ಸ್ವೆಟರ್ ಹೆಣೆಯುವ ಕಡ್ಡಿಯ ಚೂರು. ಬೆರಳಿಗೆ ಜಾಗ ತೋರಿಸುವ ಬಿಳಿ ಚುಕ್ಕಿಗಳು ಅಮ್ಮನ ಮುತ್ತಿನ ಚಿಪ್ಪಿನ ಗುಂಡಿಗಳು.

ಗುಂಡಿ! ನಮ್ಮ ಅಮ್ಮನ ಬಳಿಯೂ ಇತ್ತು, ಬಿಸ್ಕತ್ತಿನ ತಗಡಿನ ಡಬ್ಬ. ಹರಿದ ಅಂಗಿ ನೆಲ ಒರೆಸುವ ಬಟ್ಟೆಯಾಗುವ ಮೊದಲು ಗುಂಡಿಗಳು ಆ ಡಬ್ಬ ಸೇರುತ್ತಿದ್ದವು. ಜೊತೆಗೆ ಕೊಕ್ಕೆ, ಪಿನ್ನು, ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಬೀಗದ ಕೈ. “ಇರಲಿ ಬಿಡು, ಯಾವುದಕ್ಕಾದರೂ ಆಗುತ್ತೆ” ಎನ್ನುವಳು. ಹೊಸ ಮನೆಗೆ ಬರುವಾಗ ಆ ಡಬ್ಬವನ್ನು ಗುಜರಿಗೆ ಹಾಕಿದವನು ನಾನೇ. ಮೇ ಎಸೆಯದ ಜಾತಿ. ಹಾಡಿನ ಭರದಲ್ಲಿ ಅರ್ಧಕ್ಕೆ ಬಿಟ್ಟಿದ್ದ ಖಗೋಳ ಭೌತವಿಜ್ಞಾನದ ಪಿಎಚ್.ಡಿ.ಯನ್ನೂ ಎಸೆಯದೆ, ಮೂವತ್ತು ವರ್ಷ ದಾಟಿದ ಮೇಲೆ, 2007ರಲ್ಲಿ ಮುಗಿಸಿದ. ಅಂಥವನ ಶೈಲಿ ಕಲಿಯಬೇಕೆಂದರೆ ಮೊದಲು ಮನೆಯಲ್ಲೊಂದು ಗುಂಡಿ ಡಬ್ಬ ಇರಬೇಕು. ಈ ಮಾತನ್ನು ಹುಡುಗನಿಗೆ ಯಾವ ಬಾಯಲ್ಲಿ ಹೇಳಲಿ?

ಬದಲಿಗೆ ಜೇಬಿನಿಂದ ಒಂದು ರೂಪಾಯಿ ತೆಗೆದುಕೊಟ್ಟೆ. ಅವನು ಅಂಚು ಸವರಿ ನೋಡಿ, “ನುಣ್ಣಗಿದೆ ಮಾವ” ಎಂದು ಹಿಂದಿರುಗಿಸಿದ. ಕಾಸಿಗೆ ತಕ್ಕ ಕಜ್ಜಾಯವೇನೋ ಸರಿ. ಅದು ಕಾಸಿನ ಅಂಚಿಗೂ ಅನ್ವಯಿಸುತ್ತದೆಂದು ನನಗೆ ಗೊತ್ತಿರಲಿಲ್ಲ. ಕಾಸು ಬಿಟ್ಟ ಮೇಲೆ ಶ್ರೀನಿವಾಸ ನಾಯಕ ತಂಬೂರಿ ಹಿಡಿದು ಪುರಂದರದಾಸನಾದ. ನಮ್ಮವನು ಕಾಸು ಬಿಟ್ಟರೆ ಗಿಟಾರೇ ನುಡಿಯದು.

ಮಧ್ಯಾಹ್ನದ ಹೊತ್ತಿಗೆ ಎಂಟಾಣೆ ಗೂಡಿಗೆ ಮರಳಿತ್ತು. ಒಂದು ಕಡೆ ಹಲ್ಲು ಸ್ವಲ್ಪ ಸವೆದಿದೆ. ತಂತಿಗೆ ಉಜ್ಜಿದ ಎಂಜಲು ಕಾಸನ್ನು ಹುಂಡಿಗೆ ಹಾಕಬಹುದೇ ಎಂದು ಅಕ್ಕ ಫೋನಿನಲ್ಲಿ ಪೇಚಾಡಿದಳು. ನಾನು ಮಾತ್ರ ಮತ್ತೆ ಗಂಟು ಕಟ್ಟಿದೆ. ಬಡ ಬ್ರಾಹ್ಮಣನ ವೇಷದಲ್ಲಿ ಅಂಗಡಿಗೆ ಬಂದ ಸ್ವಾಮಿಯ ಮುಂದೆ ಅದೇ ನಾಯಕ ಸುರಿದದ್ದೂ ಸವಕಲು ಕಾಸನ್ನೇ ಅಲ್ಲವೇ?