ಹಳದಿ ದೀಪ ಕೂಗಿತು, ಕೆಂಪು ದೀಪ ಸುಮ್ಮನಿತ್ತು

ನಮ್ಮ ಹಾಸ್ಟೆಲಿನಲ್ಲಿ ಬ್ಯಾಕ್‌ಲಾಗಿಗೆ ‘ಚೆಕ್ ಎಂಜಿನ್ ಲೈಟು’ ಅಂತಾರೆ. ಮೊದಲ ದಿನ ಎದೆ ಧಸಕ್ ಅನ್ನುತ್ತೆ, ವಾರ ಕಳೆದರೆ ಅಭ್ಯಾಸ ಆಗುತ್ತೆ, ಗಾಡಿ ಹೇಗೋ ಓಡ್ತಾ ಇರುತ್ತೆ. ಹೋಲಿಕೆ ಚೆನ್ನಾಗೇ ಇದೆ. ಆದರೆ ಈ ಸಲದ ಬೇಸಿಗೆ ರಜೆಯಲ್ಲಿ ಹಾಸನದಲ್ಲಿ ನಾವು ಮೂವರು ನೋಡಿದ್ದು ಬೇರೆಯೇ ಕೇಸು. ಅಲ್ಲಿ ಹೆದರಬೇಕಿದ್ದುದು ಉರಿಯದ ದೀಪಕ್ಕೆ.

ಕಾರು ನಮ್ಮ ರೂಮ್‌ಮೇಟ್‌ನ ಅಪ್ಪನದು. ಯೆಲ್ಲೋ ಬೋರ್ಡು, ಪೆಟ್ರೋಲ್, ಎರಡು ಲಕ್ಷ ಕಿಲೋಮೀಟರ್ ದಾಟಿದೆ. ಮನೆ ನಡೆಯೋದೂ ಅದರಿಂದಲೇ, ಇವನ ಫೀಸು ಕಟ್ಟೋದೂ ಅದರಿಂದಲೇ. ನಾವು ಹೋಗುವ ಎರಡು ದಿನ ಮುಂಚೆ ಅಂಕಲ್ ಒಂದು ಗ್ಯಾರೇಜಿನಲ್ಲಿ ಆಯಿಲ್ ಚೇಂಜ್ ಮಾಡಿಸಿದ್ದರು. ಏರ್ ಫಿಲ್ಟರೂ ಬದಲಾಗಿತ್ತು. ಮಾರನೇ ದಿನವೇ ಹಳದಿ ಚೆಕ್ ಎಂಜಿನ್ ದೀಪ. ಗ್ಯಾರೇಜಿಗೆ ಫೋನ್ ಮಾಡಿದರೆ, “ಸೆನ್ಸರ್ ಹೋಗಿರತ್ತೆ, ಹೊಸದು ಹಾಕ್ಬೇಕು. ಸದ್ಯಕ್ಕೆ ಬ್ಯಾಟರಿ ವೈರ್ ತೆಗೆದು ಹಾಕಿ, ಲೈಟ್ ಹೋಗತ್ತೆ” ಅಂದರಂತೆ. ಹೋಯಿತು, ಮತ್ತೆ ಬಂತು. ಬಂದೇ ಬರುತ್ತೆ. ತಪ್ಪಿನ ದಾಖಲೆ ಅಳಿಸಿದ ಮಾತ್ರಕ್ಕೆ ತಪ್ಪು ಹೋಗಲ್ಲವಲ್ಲ.

ಮಿನಿ ಪ್ರಾಜೆಕ್ಟಿಗೆ ಅಂತ ಕೊಂಡಿದ್ದ ಬ್ಲೂಟೂತ್ ಒಬಿಡಿ ಸ್ಕ್ಯಾನರ್ ನಮ್ಮ ಬ್ಯಾಗಿನಲ್ಲಿತ್ತು. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿದೆವು. ಕೋಡ್ ಬಂತು: ಪಿ0113. ಎಂಜಿನ್ ಎಳೆದುಕೊಳ್ಳುವ ಗಾಳಿಯ ಉಷ್ಣತೆ ಅಳೆಯುವ ಸೆನ್ಸರಿನಿಂದ ಅತಿ ಹೆಚ್ಚು ವೋಲ್ಟೇಜ್. ಲೈವ್ ಡೇಟಾ ತೆರೆದರೆ ಮೈನಸ್ 40 ಡಿಗ್ರಿ! ಮೇ ತಿಂಗಳ ಮಧ್ಯಾಹ್ನ, ನಾವು ಬೆವರು ಒರೆಸಿಕೊಳ್ತಾ ನಿಂತಿದ್ದೇವೆ, ಕಾರಿಗೆ ಮಾತ್ರ ಸೈಬೀರಿಯಾ.

ಇಸಿ ಬ್ರಾಂಚಿನವನಿಗೆ ಅಲ್ಲೇ ಗೊತ್ತಾಯಿತು. ಆ ಸೆನ್ಸರ್ ಅಂದರೆ ಒಂದು ಥರ್ಮಿಸ್ಟರ್. ತಣ್ಣಗಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತೆ, ಇಸಿಯು ಓದುವ ವೋಲ್ಟೇಜೂ ಏರುತ್ತೆ. ವೈರೇ ಕಳಚಿದ್ದರೆ ರೆಸಿಸ್ಟೆನ್ಸ್ ಅನಂತ, ಪೂರಾ 5 ವೋಲ್ಟ್, ಓದಿಕೆ ಪಟ್ಟಿಯ ತುತ್ತತುದಿಯ ಚಳಿ. ಬಾನೆಟ್ ಎತ್ತಿ ನೋಡಿದರೆ ಏರ್ ಫಿಲ್ಟರ್ ಡಬ್ಬಿಯ ಪಕ್ಕ ಕಪ್ಲರ್ ನೇತಾಡುತ್ತಿತ್ತು. ಒತ್ತಿದೆವು, ಟಿಕ್ ಅಂತು. ಸೆನ್ಸರ್ ಎಲ್ಲೂ ಹೋಗಿರಲಿಲ್ಲ, ಇದ್ದಲ್ಲೇ ಇತ್ತು.

“ಆಯ್ತಲ್ವೇನ್ರಪ್ಪಾ? ನಾಳೆ ಧರ್ಮಸ್ಥಳಕ್ಕೆ ಬಾಡಿಗೆ ಇದೆ, ಶಿರಾಡಿ ಇಳೀಬೇಕು” ಅಂದರು ಅಂಕಲ್.

ಕೋಡ್ ಅಳಿಸಲು ಕೀ ಆನ್ ಮಾಡಿದೆವು, ಎಂಜಿನ್ ಸ್ಟಾರ್ಟ್ ಮಾಡಲಿಲ್ಲ. ಆಗ ಬ್ಯಾಟರಿ, ಹ್ಯಾಂಡ್‌ಬ್ರೇಕ್, ಚೆಕ್ ಎಂಜಿನ್ ಎಲ್ಲಾ ಉರಿಯುತ್ತಿದ್ದವು. ಎಣ್ಣೆ ಡಬ್ಬಿಯ ಆ ಕೆಂಪು ಚಿತ್ರ ಮಾತ್ರ ಕಾಣಲಿಲ್ಲ. ಎಂಜಿನ್ ನಿಂತಿರುವಾಗ ಆಯಿಲ್ ಪ್ರೆಶರ್ ಸೊನ್ನೆ, ಅದು ಉರಿಯಲೇಬೇಕು.

ಇಲ್ಲಿ ಸ್ವಲ್ಪ ನಿಲ್ಲೋಣ. ಈ ಕಾರಿನ ಆಯಿಲ್ ಪ್ರೆಶರ್ ಸ್ವಿಚ್ಚಿಗೆ ಒಂದೇ ವೈರು. ಒತ್ತಡ ಇಲ್ಲದಾಗ ಸ್ವಿಚ್ ಆ ವೈರನ್ನು ಎಂಜಿನ್ ಬ್ಲಾಕಿಗೆ, ಅಂದರೆ ಅರ್ಥಿಗೆ ಸೇರಿಸುತ್ತೆ, ದೀಪ ಉರಿಯುತ್ತೆ. ಒತ್ತಡ ಬಂದರೆ ಬಿಡಿಸುತ್ತೆ, ದೀಪ ಆರುತ್ತೆ. ವೈರೇ ಕಿತ್ತು ಬಂದಿದ್ದರೆ? ದೀಪ ಯಾವತ್ತೂ ಉರಿಯಲ್ಲ. ‘ಎಲ್ಲಾ ಸರಿ ಇದೆ’ ಮತ್ತು ‘ನನಗೇನೂ ಗೊತ್ತಿಲ್ಲ’ ಎರಡೂ ನೋಡೋಕೆ ಒಂದೇ ಥರ. ರೈಲ್ವೆಯವರು ಹೀಗೆ ಮಾಡಲ್ಲ. 1872ರಲ್ಲಿ ವಿಲಿಯಂ ರಾಬಿನ್‌ಸನ್ ಪೇಟೆಂಟ್ ಪಡೆದ ಟ್ರ್ಯಾಕ್ ಸರ್ಕ್ಯೂಟಿನಲ್ಲಿ ವೈರ್ ತುಂಡಾದರೆ ಸಿಗ್ನಲ್ ಕೆಂಪಾಗುತ್ತೆ. ಕಾರಿನಲ್ಲಿ ಅದಕ್ಕೆ ಬದಲಾಗಿ ಇರುವುದು, ಸ್ಟಾರ್ಟ್ ಮಾಡುವ ಮುಂಚೆ ಎರಡು ಸೆಕೆಂಡ್ ದೀಪ ನೋಡುವ ಅವಕಾಶ. ಅಷ್ಟು ಹೊತ್ತು ಕಾಯುವವರು ಯಾರು ಹೇಳಿ?

ಬಗ್ಗಿ ನೋಡಿದೆವು. ಆಯಿಲ್ ಫಿಲ್ಟರಿನ ಹತ್ತಿರ ವೈರು ಜೋತು ಬಿದ್ದಿತ್ತು. ಅದನ್ನು ಬ್ಲಾಕಿಗೆ ಮುಟ್ಟಿಸಿದರೆ ದೀಪ ಉರಿಯಿತು. ಬಲ್ಬ್ ಸರಿ ಇದೆ. ಆದರೆ ಕೈಯೆಲ್ಲ ಹೊಸ ಎಣ್ಣೆ. ಡಿಪ್‌ಸ್ಟಿಕ್ ಒರೆಸಿ ಅದ್ದಿ ತೆಗೆದರೆ ಎಣ್ಣೆ ಕೆಳಗಿನ ಗುರುತನ್ನೂ ಮುಟ್ಟಿರಲಿಲ್ಲ. ಎರಡು ದಿನದಲ್ಲಿ!

ಅಂಕಲ್ ಮಾತಾಡಲಿಲ್ಲ. ತಮಗೆ ಪರಿಚಯದ ಹಳೇ ಮೆಕ್ಯಾನಿಕ್ ಒಬ್ಬರನ್ನು ಕರೆಸಿದರು. ಅವರು ಫಿಲ್ಟರ್ ಬಿಚ್ಚಿ, ಬೆರಳಲ್ಲಿ ಎರಡು ರಬ್ಬರ್ ರಿಂಗ್ ಎತ್ತಿ ತೋರಿಸಿದರು. ಹಳೇ ಫಿಲ್ಟರಿನ ರಿಂಗು ಬ್ಲಾಕಿಗೇ ಅಂಟಿಕೊಂಡಿತ್ತು, ಅದರ ಮೇಲೇ ಹೊಸ ಫಿಲ್ಟರ್ ತಿರುಗಿಸಿದ್ದಾರೆ. ಎರಡು ರಿಂಗ್ ಒಂದರ ಮೇಲೊಂದು ಸರಿಯಾಗಿ ಕೂರಲ್ಲ. ಎಂಜಿನ್ ಓಡುವಾಗ ಒತ್ತಡಕ್ಕೆ ಎಣ್ಣೆ ಜಿನುಗುತ್ತೆ, ರಿಂಗ್ ಜಾರಿದರೆ ಒಂದೇ ಸಲಕ್ಕೆ ಚೆಲ್ಲುತ್ತೆ. ಘಾಟಿಯಲ್ಲಿ ಹಾಗಾಗಿದ್ದರೆ ಮೊದಲು ತಿಳಿಯುತ್ತಿದ್ದುದು ಎಂಜಿನ್ನಿನ ಕಟಕಟ ಸದ್ದಿನಿಂದ, ಆಮೇಲೆ ಬೇರಿಂಗ್ ಹಿಡಿದುಕೊಂಡಾಗ. ಒಳಗೆ ಐದು ಜನ.

ಹೊಸ ಫಿಲ್ಟರ್, ಎಣ್ಣೆ, ವೈರಿಗೆ ಕ್ಲಿಪ್. ಸಂಜೆ ಅಂಕಲ್ ಆ ಗ್ಯಾರೇಜಿಗೆ ಹೋಗಿ ಹಳೇ ರಿಂಗನ್ನು ಟೇಬಲ್ ಮೇಲಿಟ್ಟು ಬಂದರು. ಜಗಳ ಆಗಲಿಲ್ಲವಂತೆ. ಕೆಲಸ ಮಾಡಿದ್ದ ಹುಡುಗನಿಗೆ ನಮ್ಮಷ್ಟೇ ವಯಸ್ಸು, ಅವತ್ತು ಒಬ್ಬನೇ ಆರು ಗಾಡಿ ನೋಡಿದ್ದನಂತೆ. “ಅವನ ಮೇಲೆ ಏನ್ ಕೂಗಾಡೋದು” ಅಂದರು. ನಮಗೆ ಅಷ್ಟು ಸುಲಭಕ್ಕೆ ಸಿಟ್ಟು ಇಳಿಯಲಿಲ್ಲ. ಅದು ಆ ಹುಡುಗನ ಮೇಲಲ್ಲ, ನೋಡದೇ ‘ಸೆನ್ಸರ್ ಹೋಗಿದೆ’ ಅಂದವರ ಮೇಲೆ.

ಬೆಳಗಿನ ಜಾವ ಐದಕ್ಕೆ ಕಾರು ಹೊರಟಿತು. ಸಕಲೇಶಪುರದಲ್ಲಿ ಟೀಗೆ ನಿಲ್ಲಿಸಿದಾಗ ಅಂಕಲ್ ಡಿಪ್‌ಸ್ಟಿಕ್ಕಿನ ಫೋಟೋ ಕಳಿಸಿದರು. ಅರ್ಧ ಫೋಟೋ ಅವರ ಹೆಬ್ಬೆರಳೇ. ಉಳಿದರ್ಧದಲ್ಲಿ ಎಣ್ಣೆ ಎರಡು ಗುರುತುಗಳ ನಡುವೆ ಇತ್ತು.